ಅಟ್ಟದ ಮೇಲಿನ ಹಳೆ ಮಿಕ್ಸಿ

ನಿಮ್ಮ ಮನೆಯ ಅಟ್ಟದ ಮೇಲೆ ಒಂದು ಹಳೆ ಮಿಕ್ಸಿ ಇದ್ದೇ ಇರಬೇಕು. ಮದುವೆಯಲ್ಲಿ ಆಯೇರಿ ಬಂದದ್ದೋ, ಅತ್ತೆಯವರು ಬೆಣ್ಣೆ ಮಾರಿದ ದುಡ್ಡು ಕೂಡಿಸಿ ಕೊಂಡದ್ದೋ, ಹೊಸದು ಬಂದ ಮೇಲೆ ಗೋಣಿಚೀಲ ಹೊದ್ದು ಮೂಲೆ ಸೇರಿರುತ್ತದೆ. ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಯಾರಾದರೊಬ್ಬರು, "ಇದನ್ನ ಮೋಡಕಾಕ್ಕ ಹಾಕಿಬಿಡ್ರಿ" ಅನ್ನುತ್ತಾರೆ. ಒಳಗಿನ ತಾಮ್ರದ ತಂತಿ ನೋಡಿ ಮೋಡಕಾದವನೂ ಖುಷಿಯಿಂದ ತೂಕಕ್ಕೆ ಹಾಕಿಕೊಳ್ಳುತ್ತಾನೆ. ಹಾಗೆ ಕೊಡುವ ಮೊದಲು ಒಂದು ಸಲ ಕೆಳಗಿಳಿಸಿ ನೋಡಿರಿ. ಎಲ್ಲವನ್ನೂ ಉಳಿಸಿಕೊಳ್ಳಿರಿ ಎನ್ನುತ್ತಿಲ್ಲ. ಯಾವುದನ್ನು ಉಳಿಸಬೇಕು, ಯಾವುದನ್ನು ಕೈಬಿಡಬೇಕು ಎಂಬುದನ್ನು ತಿಳಿದು ನಿರ್ಧರಿಸಿರಿ ಎನ್ನುವುದಷ್ಟೇ ನನ್ನ ಮಾತು.

ದೊಡವಾಡದ ನಮ್ಮ ಮನೆಯಲ್ಲಿ ಈಗ ಐದು ಹಳೆ ಮಿಕ್ಸಿಗಳಿವೆ. ಒಂದು ಅತ್ತೆಯವರದು, ಒಂದು ತವರುಮನೆಯದು. ಉಳಿದ ಮೂರನ್ನು ನಾನೇ ಮೋಡಕಾ ಅಂಗಡಿಗಳಲ್ಲಿ ಹುಡುಕಿ ತಂದವಳು. "ಐದ ಮಿಕ್ಸಿ ಇಟಗೊಂಡು ಹೋಟೆಲ್ ಹಾಕ್ತೀಯೇನ?" ಎಂದು ನಮ್ಮವರು ನಗುತ್ತಾರೆ. ನಗಲಿ ಬಿಡಿರಿ. ಬನದ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಬುತ್ತಿ ಕಟ್ಟುವಾಗ ಒಂದರಲ್ಲಿ ಹಿಂಡಿ, ಇನ್ನೊಂದರಲ್ಲಿ ಹೂರಣ ನಡೆದರೆ ಅರ್ಧ ದಿನದ ಕೆಲಸ ಒಂದು ತಾಸಿಗೆ ಮುಗಿಯುತ್ತದೆ. ಆಗ ಯಾರೂ ನಗುವುದಿಲ್ಲ!

ನಮ್ಮ ಅಡಿಗೆಗೆ ನಮ್ಮ ಯಂತ್ರ

ಅಮೆರಿಕದಲ್ಲಿ 1919ರಲ್ಲಿ ಕಿಚನ್‌ಏಡ್ ಎಂಬ ಮನೆಬಳಕೆಯ ಮಿಕ್ಸರ್ ಬಂತು. ಇಂಗ್ಲೆಂಡಿನಲ್ಲಿ 1950ರಲ್ಲಿ ಕೆನ್‌ವುಡ್ ಶೆಫ್ ಬಂತು. ಬೋಗುಣಿಯ ಮೇಲೆ ತಲೆ ಬಾಗಿಸಿ ನಿಂತು ಹಿಟ್ಟು ನಾದುವ, ತತ್ತಿ ಕಡೆಯುವ ಯಂತ್ರಗಳು ಅವು. ಅಲ್ಲಿಯ ಬ್ರೆಡ್ಡಿಗೆ, ಕೇಕಿಗೆ ಅವು ಸರಿ. ಆದರೆ ನಮ್ಮ ಜೋಳದ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲ. ಅದಕ್ಕೆ ಕುದಿಯುವ ನೀರು ಬೇಕು, ಅಂಗೈ ಬೇಕು. ನಮಗೆ ಬೇಕಾದದ್ದು ನಾದುವ ಯಂತ್ರವಲ್ಲ. ಒಳ್ಳಿನ ಕೆಲಸ, ಅರೆಯುವ ಕಲ್ಲಿನ ಕೆಲಸ ಮಾಡುವ ಯಂತ್ರ.

ಅಂಥದ್ದು ಬಂದದ್ದು ಒಬ್ಬ ಗೃಹಿಣಿಯ ತೊಂದರೆಯಿಂದ. ಮುಂಬಯಿಯ ಮಾಧುರಿ ಮಾಥುರ್ ಅವರ ಬಳಿ ಜರ್ಮನಿಯ ಮಿಕ್ಸರ್ ಒಂದಿತ್ತು. ನಮ್ಮ ದೇಶದ ಅಡಿಗೆಯ ಗಟ್ಟಿ ಸಾಮಾನುಗಳನ್ನು ಅರೆದು ಅದು ಸುಟ್ಟುಹೋಯಿತು. ರಿಪೇರಿಗೆ ಇಲ್ಲಿ ದಾರಿ ಇರಲಿಲ್ಲ. ಅವರ ಪತಿ ಸತ್ಯಪ್ರಕಾಶ ಮಾಥುರ್ ಸೀಮೆನ್ಸ್ ಕಂಪನಿಯಲ್ಲಿ ಎಂಜಿನಿಯರ್. ಹೆಂಡತಿಯ ಮಾತಿಗೆ ನಮ್ಮ ಮಸಾಲೆಗೆ ತಾಳುವ ಮೋಟಾರು ಕೂಡಿಸಲು ಕೈಹಾಕಿದರು. 1963ರಲ್ಲಿ ಕಂಪನಿ ಶುರುವಾಯಿತು. ಆ ಮಿಕ್ಸಿಯೇ ಸುಮೀತ್. ಹೆಸರಿನ ಅರ್ಥ ಒಳ್ಳೆಯ ಗೆಳೆಯ. 1970 ಮತ್ತು 80ರ ದಶಕಗಳಲ್ಲಿ ಮಿಕ್ಸಿ ಎಂದರೆ ಸುಮೀತ್ ಎನ್ನುವಷ್ಟು ಮನೆಮಾತಾಗಿತ್ತು. 1978ರಲ್ಲಿ ಮದರಾಸಿನಲ್ಲಿ ಪ್ರೀತಿ ಶುರುವಾಯಿತು. ಇವೆರಡರ ನೆರಳಿನಲ್ಲಿ ಗೋಪಿ, ಸಿಂಗರ್, ಇನಾಲ್ಸಾ, ಜೈಪಾನ್ ಹೆಸರಿನವೂ ಮಾರಾಟವಾದವು. ಹೆಸರೇ ಅಳಿಸಿಹೋದವೂ ಮೋಡಕಾದಲ್ಲಿ ಸಿಗುತ್ತವೆ. ಹೆಸರು ಕೇಳಿಲ್ಲವೆಂದು ದೂಡಬೇಡಿರಿ. ಮಿಕ್ಸಿಯ ಗುಣ ಮೇಲಿನ ಚೀಟಿಯಲ್ಲಿಲ್ಲ, ಒಳಗಿನ ಮೋಟಾರಿನಲ್ಲಿದೆ.

ಯಾವುದನ್ನು ನೋಡಬೇಕು?

ಪ್ಲಗ್ ಹಾಕುವ ಮೊದಲು ಮೇಲಿನ ಕಪ್ಲರನ್ನು ಬೆರಳಿನಿಂದ ತಿರುಗಿಸಿರಿ. ಸರಾಗವಾಗಿ ತಿರುಗಿದರೆ ಅರ್ಧ ಗೆದ್ದಂತೆ. ಬಿಗಿದುಕೊಂಡಿದ್ದರೆ, ಒಳಗೆ ಗರಗರ ಅಂದರೆ ಬುಶ್ ಸವೆದಿದೆ ಎಂದು ತಿಳಿಯಿರಿ. ಕಪ್ಲರಿನ ಹಲ್ಲು ಮುರಿದಿದ್ದರೆ ಚಿಂತೆ ಬೇಡ. ಜಾರು ಸಿಕ್ಕಿಹಾಕಿಕೊಂಡಾಗ ಮೋಟಾರು ಉಳಿಯಲೆಂದು ಮೊದಲು ಮುರಿಯುವುದೇ ಅದು. ಬೆಲೆಯೂ ಕಡಿಮೆ. ಹಳೆಯದನ್ನೇ ಅಂಗಡಿಗೆ ಒಯ್ದು ಅಳತೆಗೆ ಸರಿಹೊಂದುವುದನ್ನು ತನ್ನಿರಿ.

ಮಿಕ್ಸಿಯ ಮೋಟಾರಿನಲ್ಲಿ ಎರಡು ಇದ್ದಿಲ ತುಂಡುಗಳಿರುತ್ತವೆ. ಕಾರ್ಬನ್ ಎನ್ನುತ್ತಾರೆ. ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವುದು ಅವೇ. ಉಜ್ಜಿ ಉಜ್ಜಿ ಅವು ಸಣ್ಣಾಗುತ್ತವೆ. ಆಗ ಮಿಕ್ಸಿ ನಡುನಡುವೆ ನಿಲ್ಲುತ್ತದೆ, ಒಳಗೆ ಕಿಡಿ ಕಾಣುತ್ತದೆ. "ಮೋಟಾರ ಸುಟ್ಟೈತಿ" ಎಂದು ಎಷ್ಟೋ ಮಂದಿ ಒಗೆಯುವುದು ಇಂಥವನ್ನೇ. ಕಾರ್ಬನ್ ಬದಲಿಸಿದರೆ ಮತ್ತೆ ಓಡುತ್ತದೆ. ನಿಜವಾಗಿ ತಂತಿಯೇ ಸುಟ್ಟಿದ್ದರೆ ಮೂಗಿಗೆ ತಿಳಿಯುತ್ತದೆ. ಹೊಲದ ಪಂಪಿನ ಮೋಟಾರು ಕಟ್ಟುವ ಅಂಗಡಿಗಳು ನಮ್ಮ ಕಡೆ ಬೇಕಾದಷ್ಟಿವೆ. ಅವರಲ್ಲಿ ಕೆಲವರು ಮಿಕ್ಸಿಯನ್ನೂ ಕಟ್ಟುತ್ತಾರೆ. ಮೊದಲು ಖರ್ಚು ಕೇಳಿರಿ. ಹೊಸ ಮಿಕ್ಸಿಯ ಅರ್ಧ ಬೆಲೆ ಮೀರಿದರೆ, ಅದು ಎಷ್ಟೇ ಪ್ರೀತಿಯದಾದರೂ ಬಿಟ್ಟುಬಿಡಿರಿ.

ಕೆಲವು ಮಿಕ್ಸಿಗಳ ತಳದಲ್ಲಿ ಕೆಂಪು ಗುಂಡಿ ಇರುತ್ತದೆ. ಭಾರ ಹೆಚ್ಚಾದಾಗ ಮಿಕ್ಸಿ ತಾನೇ ನಿಲ್ಲುತ್ತದೆ. ಆರಿದ ಮೇಲೆ ಗುಂಡಿ ಒತ್ತಿದರೆ ಶುರುವಾಗುತ್ತದೆ. ಹಳೆಯ ಎಷ್ಟೋ ಮಿಕ್ಸಿಗಳಿಗೆ ಆ ಗುಂಡಿ ಇಲ್ಲ. ಅಂಥವಕ್ಕೆ ನಾವೇ ವಿಶ್ರಾಂತಿ ಕೊಡಬೇಕು. ಅರ್ಧ ನಿಮಿಷ ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿರಿ. ವೋಲ್ಟೇಜ್ ಬಿದ್ದು ದೀಪ ಮಂದವಾದಾಗ ಹಚ್ಚಲೇಬೇಡಿರಿ.

ಜೀವಕ್ಕಿಂತ ಮಿಕ್ಸಿ ದೊಡ್ಡದಲ್ಲ

ಇದೊಂದು ಮಾತನ್ನು ಮಾತ್ರ ಮರೆಯಬೇಡಿರಿ. ನಾನು ತಂದದ್ದರಲ್ಲಿ ಕಬ್ಬಿಣದ ಮೈಯ ಒಂದು ಮಿಕ್ಸಿಗೆ ಯಾರೋ ಎರಡು ಕಡ್ಡಿಯ ಪ್ಲಗ್ ಹಾಕಿದ್ದರು. ನೋಡಲು ಬಲು ಚೆಂದ, ಶಬ್ದವೂ ಕಡಿಮೆ. ಆದರೆ ರಿಪೇರಿಯವನು ಟೆಸ್ಟರ್ ಹಚ್ಚಿದಾಗ ಅದರ ಮೈಯೆಲ್ಲ ದೀಪ! "ಅಕ್ಕಾರ, ಇದನ್ನ ಬರಿಗಾಲಾಗ ನಿಂತು ಮುಟ್ಟಿದ್ರ ಉಳೀತಿರಲಿಲ್ರಿ" ಅಂದ. ನಮ್ಮ ಅಡಿಗೆಮನೆ ಎಂದರೆ ಒದ್ದೆ ಕೈ, ಒದ್ದೆ ಕಲ್ಲಿನ ನೆಲ, ಬರಿಗಾಲು. ಕರೆಂಟಿಗೆ ಇದಕ್ಕಿಂತ ಸುಲಭದ ದಾರಿ ಬೇರೆ ಬೇಡ.

ಆದ್ದರಿಂದ ಹಳೆ ಮಿಕ್ಸಿ ಬಳಸುವ ಮೊದಲು ವೈರು ಹೊಸದಾಗಲಿ. ಕಬ್ಬಿಣದ ಮೈಯದಾದರೆ ಮೂರು ತಂತಿಯ ವೈರು, ಮೂರು ಕಡ್ಡಿಯ ಪ್ಲಗ್ ಬೇಕೇ ಬೇಕು. ಮನೆಗೆ ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ ಆ ದಪ್ಪ ಕಡ್ಡಿ ಇದ್ದೂ ಇಲ್ಲದಂತೆ. ಬಲ್ಲವರಿಂದ ಪರೀಕ್ಷೆ ಮಾಡಿಸಿರಿ. ಕರೆಂಟು ಸೋರಿದ ಕೂಡಲೇ ಕಡಿಯುವ ಸ್ವಿಚ್ಚನ್ನು ಮೀಟರ್ ಬಳಿ ಹಾಕಿಸಿದರೆ ಇನ್ನೂ ಒಳ್ಳೆಯದು. ಮಿಕ್ಸಿಯನ್ನು ನೀವೇ ಬಿಚ್ಚಬೇಡಿರಿ. ಇಷ್ಟು ಮಾಡಿಸಲಾಗದಿದ್ದರೆ ಆ ಮಿಕ್ಸಿ ಮೋಡಕಾಕ್ಕೇ ಹೋಗಲಿ.

ಕೇಳದೆ ಒಗೆಯಬೇಡಿರಿ

ಇನ್ನೊಂದು ಮಾತು. ನಮ್ಮ ಅತ್ತೆಯವರ ಹೆಸರಿನಲ್ಲಿ ಹೊಲವಿಲ್ಲ, ಮನೆಯಿಲ್ಲ. ಎಮ್ಮೆಯ ಬೆಣ್ಣೆ ಮಾರಿ ಅವರು ಸ್ವಂತ ದುಡ್ಡಿನಿಂದ ಕೊಂಡ ಮೊದಲ ವಸ್ತು ಆ ಮಿಕ್ಸಿ. ಅಲ್ಲಿಯವರೆಗೆ ಒಳ್ಳಿನ ಮುಂದೆ ಕೂತು ಅವರ ರಟ್ಟೆ ಬಿದ್ದುಹೋಗುತ್ತಿತ್ತು. "ಇದ ಬಂದ ಮ್ಯಾಲೆ ನಾ ಹೊತ್ತ ಮುಳುಗೂದರಾಗ ಉಣ್ಣಾಕ ಕುಂತೆ" ಎನ್ನುತ್ತಾರೆ. ಸೊಸೆಯಂದಿರ ಕಣ್ಣಿಗೆ ಹಳೆ ಡಬ್ಬಿಯಾಗಿ ಕಾಣುವುದು ಅವರ ಕಣ್ಣಿಗೆ ಬೇರೆಯೇ. ನಿಮ್ಮ ಮನೆಯಲ್ಲೂ ಹಿರಿಯರಿದ್ದರೆ ಒಂದು ಮಾತು ಕೇಳಿ ನಿರ್ಧಾರ ಮಾಡಿರಿ.

ಬಳಸುವಾಗ ಈ ಸೂಚನೆಗಳು

* ಜಾರನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿರಿ.
* ಒಣ ಅರಿಶಿನ ಕೊಂಬಿನಂಥ ಗಟ್ಟಿ ಸಾಮಾನು ಗಿರಣಿಗೇ ಹೋಗಲಿ. ಬ್ಲೇಡು ಉಳಿಯುತ್ತದೆ.
* ಹೂರಣ ಪೂರ್ತಿ ಆರಿದ ಮೇಲೆ ಹಾಕಿರಿ. ಬಿಸಿ ಇದ್ದರೆ ಉಗಿಯಿಂದ ಮುಚ್ಚಳ ಹಾರಿ ಮುಖ ಸುಟ್ಟೀತು.
* ಜಾರಿನ ಕೆಳಗೆ ನೀರು ಸೋರಿದರೆ ತಡಮಾಡದೆ ಬುಶ್ ಬದಲಿಸಿರಿ. ಆ ನೀರು ಇಳಿಯುವುದು ಮೋಟಾರಿನೊಳಗೆ.

ಹಳೆ ಮಿಕ್ಸಿಗೆ ಒಪ್ಪುವ ಗುರೆಳ್ಳ ಹಿಂಡಿ

ಒಂದು ಬಟ್ಟಲು ಗುರೆಳ್ಳು, ಎಂಟು ಬ್ಯಾಡಗಿ ಮೆಣಸಿನಕಾಯಿ, ಹತ್ತು ಎಸಳು ಬಳ್ಳೊಳ್ಳಿ, ಒಂದು ಚಮಚ ಜೀರಿಗೆ, ಸ್ವಲ್ಪ ಕರಿಬೇವು, ಅಡಿಕೆಯಷ್ಟು ಹುಣಸೆಹಣ್ಣು, ರುಚಿಗೆ ಉಪ್ಪು, ಚೂರು ಬೆಲ್ಲ ಇಟ್ಟುಕೊಳ್ಳಿರಿ. ಗುರೆಳ್ಳನ್ನು ಸಣ್ಣ ಉರಿಯ ಮೇಲೆ ಚಟಪಟ ಅನ್ನುವವರೆಗೆ ಹುರಿದು ಪೂರ್ತಿ ಆರಿಸಿರಿ. ಮೆಣಸಿನಕಾಯಿ, ಕರಿಬೇವು, ಜೀರಿಗೆಗಳನ್ನು ಬೇರೆ ಹುರಿಯಿರಿ. ಮೊದಲು ಮೆಣಸಿನಕಾಯಿ, ಹುಣಸೆ, ಉಪ್ಪು ತಿರುಗಿಸಿರಿ. ಆಮೇಲೆ ಗುರೆಳ್ಳು ಹಾಕಿ ನಿಲ್ಲಿಸಿ ನಿಲ್ಲಿಸಿ ತರಿತರಿಯಾಗಿ ಪುಡಿ ಮಾಡಿರಿ. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬಳ್ಳೊಳ್ಳಿ, ಬೆಲ್ಲ ಕೊನೆಗೆ ಹಾಕಿ ಒಂದು ಸುತ್ತು ಸಾಕು. ಬಿಸಿ ರೊಟ್ಟಿ, ಗಟ್ಟಿ ಮೊಸರಿನ ಜೊತೆ ಬಡಿಸಿರಿ.