ಹಡಗು ಯಾರದು?

ಹಸುವನ್ನು ಮಾರಿದವನು ಅದರ ಹಗ್ಗವನ್ನು ಕೊಂಡವನ ಕೈಗೆ ಕೊಡುತ್ತಾನೆ. ಸಂತೆಯಲ್ಲಿ ಹತ್ತು ಮಂದಿ ನೋಡಿರುತ್ತಾರೆ. ಒಡೆತನದ ಬಗ್ಗೆ ಮತ್ತೆ ಮಾತಿಲ್ಲ. ಆದರೆ ಹಡಗನ್ನು ಕೊಳ್ಳುವವನು ಹಿಡಿಯಬೇಕಾದ ಹಗ್ಗ ಯಾವುದು? ಅವನು ಹಣ ತೆರುವ ಹೊತ್ತಿಗೆ ಹಡಗು ಸಾವಿರಾರು ಮೈಲಿ ದೂರದ ಕಡಲಿನಲ್ಲಿರಬಹುದು. ಕಾನೂನು ಓದುತ್ತಿದ್ದ ದಿನಗಳಲ್ಲಿ ನನ್ನನ್ನು ಕಾಡಿದ ಈ ಪ್ರಶ್ನೆಗೆ ಇಂಗ್ಲೆಂಡಿನ ನೌಕಾ ಕಾನೂನು ಕೊಟ್ಟ ಉತ್ತರ ಸ್ವಾರಸ್ಯವಾದುದು.

ಆ ಉತ್ತರ ಒಂದು ಪುಸ್ತಕ; ನೋಂದಣಿಯ ಪುಸ್ತಕ. ಅದರಲ್ಲಿ ಹಡಗಿನ ಒಡೆತನವನ್ನು 64 ಪಾಲುಗಳಾಗಿ ವಿಂಗಡಿಸಿ, ಯಾವ ಪಾಲು ಯಾರದೆಂದು ಬರೆದಿಡುತ್ತಾರೆ. 1894ರ ವಾಣಿಜ್ಯ ನೌಕಾ ಕಾಯ್ದೆಯ ಪ್ರಕಾರ, ಅಲ್ಲಿ ಒಡೆಯನೆಂದು ಹೆಸರಿದ್ದವನಿಗೇ ಹಡಗನ್ನು ಮಾರುವ ಅಧಿಕಾರವಿತ್ತು.

ಈಗ ಇಬ್ಬರು ಕೊಳ್ಳುವವರನ್ನು ಊಹಿಸಿಕೊಳ್ಳಿ. ಮೊದಲನೆಯವನು ಪೂರ್ತಿ ಹಣ ತೆತ್ತು ಕ್ರಯಪತ್ರ ಪಡೆದ. ಅದನ್ನು ಪೆಟ್ಟಿಗೆಯಲ್ಲಿಟ್ಟು ಸುಮ್ಮನಾದ. ಮಾರಿದವನು ದುರಾಸೆಯಿಂದ ಅದೇ ಹಡಗನ್ನು ಮತ್ತೊಬ್ಬನಿಗೆ ಮಾರಿದ. ಎರಡನೆಯವನು ಹಿಂದಿನ ವ್ಯವಹಾರವನ್ನು ಅರಿಯ; ಪುಸ್ತಕ ನೋಡಿ, ಹಣ ಕೊಟ್ಟು, ತನ್ನ ಹೆಸರು ಬರೆಸಿಕೊಂಡ. ಇಬ್ಬರೂ ಪ್ರಾಮಾಣಿಕರೇ, ಹಡಗು ಮಾತ್ರ ಒಂದು. ಅದು ಎರಡನೆಯವನಿಗೆ ಸೇರುತ್ತದೆ. ಮೊದಲನೆಯವನಿಗೆ ಉಳಿಯುವುದು ಮೋಸಗಾರನ ಬೆನ್ನು ಹತ್ತಿ ಹಣ ಕೇಳುವ ಹಕ್ಕು. ಅವನು ದಿವಾಳಿಯಾಗಿದ್ದರೆ ಅದೂ ಬರಿಯ ಮಾತು. ಅಡಮಾನದಲ್ಲಂತೂ ನಿಯಮ ಇನ್ನೂ ಬಿಗಿ: ಹಿಂದಿನ ಅಡಮಾನ ತಿಳಿದಿದ್ದರೂ ಸರಿಯೆ, ಮೊದಲು ನೋಂದಾಯಿಸಿದ ಸಾಲಗಾರನಿಗೇ ಮೊದಲ ಹಕ್ಕು, ಸಾಲಗಾರನೆಂದರೆ ಇಲ್ಲಿ ಸಾಲ ಕೊಟ್ಟವನು.

ಇದು ನಿರ್ದಯವಲ್ಲವೆ ಎಂದು ನೀವು ಕೇಳಬಹುದು. ಒಂದು ಕಾಲದಲ್ಲಿ ಅದು ಇನ್ನೂ ನಿರ್ದಯವಾಗಿತ್ತು. ಲಿವರ್‌ಪೂಲಿನ ಬ್ಯಾಂಕೊಂದರ ಮೊಕದ್ದಮೆಯಲ್ಲಿ, ನೋಂದಣಿಯಾಗದ ಅಡಮಾನದ ಕರಾರನ್ನು ಜಾರಿಗೊಳಿಸಲು 1860ರಲ್ಲಿ ನ್ಯಾಯಾಲಯ ಒಪ್ಪಲಿಲ್ಲ. ಎರಡೇ ವರ್ಷಗಳಲ್ಲಿ, 1862ರಲ್ಲಿ, ಸಂಸತ್ತು ಕಾಯ್ದೆಯನ್ನು ತಿದ್ದಿತು. ಪುಸ್ತಕದಲ್ಲಿ ಇನ್ನೂ ಮಾರಿದವನ ಹೆಸರೇ ಇದ್ದರೆ, ಹಣ ತೆತ್ತವನು ಅವನ ವಿರುದ್ಧ ನ್ಯಾಯ ಕೇಳಬಹುದಾಯಿತು. ಏನೂ ಅರಿಯದ ಮೂರನೆಯವನ ಹೆಸರು ದಾಖಲಾದ ಮೇಲೆ ಮಾತ್ರ ಆ ಬಾಗಿಲು ಮುಚ್ಚುತ್ತದೆ.

ಇಬ್ಬರಲ್ಲಿ ಯಾರು ಹೆಚ್ಚು ಒಳ್ಳೆಯವರೆಂದು ಕಾನೂನು ಇಲ್ಲಿ ಅಳೆಯುತ್ತಿಲ್ಲ. ದೂರದ ಬಂದರಿನಲ್ಲಿರುವ ಅಪರಿಚಿತನಿಗೆ ಹಡಗೂ ಕಾಣದು, ಪೆಟ್ಟಿಗೆಯಲ್ಲಿರುವ ಪತ್ರವೂ ಕಾಣದು, ಕಾಣುವುದು ಪುಸ್ತಕವೊಂದೇ. ಅದನ್ನು ನಂಬಿದವನನ್ನು ಕೈಬಿಟ್ಟರೆ ಕಡಲ ವ್ಯಾಪಾರವೇ ನಿಲ್ಲುತ್ತದೆ. ಮೊದಲನೆಯವನ ಬಗ್ಗೆ ನನಗೆ ಮರುಕವಿದೆ. ಆದರೆ ಅವನು ಹಸುವನ್ನು ಕೊಂಡು, ಹಗ್ಗವನ್ನು ಮಾರಿದವನ ಕೈಯಲ್ಲೇ ಬಿಟ್ಟು ಬಂದವನು.