ಹಚ್ಚೆಯ ಸೂಜಿ ಮತ್ತು ಸುತ್ತುವ ಮೋಟಾರು

ಮಂಡ್ಯ ತಾಲ್ಲೂಕಿನ ದುದ್ದದ ಸುತ್ತಮುತ್ತಣ ಹಳ್ಳಿಗಳಲ್ಲಿ ಹಿರಿಯ ಹೆಂಗಸರ ಮುಂಗೈಯನ್ನು ನೋಡಿದವರಿಗೆ ಹಚ್ಚೆಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದುದಿಲ್ಲ. ಚುಕ್ಕೆಗಳ ಸಾಲು, ರಂಗೋಲಿಯ ಎಳೆ, ಪ್ರೀತಿಪಾತ್ರರ ಹೆಸರು—ಹಸುರಿಗೆ ತಿರುಗಿದ ಈ ಗುರುತುಗಳು ಐವತ್ತು ಅರುವತ್ತು ವರ್ಷ ಸಂದರೂ ಅಳಿಯುವುದಿಲ್ಲ. ಊರಿಂದೂರಿಗೆ ಬಂದು ಅವನ್ನು ಹೊಯ್ಯುತ್ತಿದ್ದವರು ಕೊರವ ಸ್ತ್ರೀಯರು. ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳನ್ನು ಕುರಿತು ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇವರ ಈ ಕಸುಬಿನ ಪ್ರಸ್ತಾಪವುಂಟು. ಒಟ್ಟಿಗೆ ಕಟ್ಟಿದ ಮೂರು ನಾಲ್ಕು ಸೂಜಿ, ದೀಪದ ಕಾಡಿಗೆ, ನೋವು ಮರೆಸಲು ಒಂದು ಹಾಡು—ಇಷ್ಟೇ ಅವರ ಸಲಕರಣೆ.

ಇಂದು ಜಾತ್ರೆಯ ಬೀದಿಯಲ್ಲಿಯೂ ಪಟ್ಟಣದ ಅಂಗಡಿಯಲ್ಲಿಯೂ ಆ ಸೂಜಿಯ ಸ್ಥಾನವನ್ನು ವಿದ್ಯುಚ್ಛಕ್ತಿಯಿಂದ ನಡೆಯುವ ಯಂತ್ರವು ಆಕ್ರಮಿಸಿದೆ. ಈ ಕಸುಬನ್ನು ಕಲಿಯಬಯಸುವ ತರುಣರು ಮೊದಲು ಕೇಳುವ ಪ್ರಶ್ನೆ, ಯಾವ ಯಂತ್ರ ಒಳ್ಳೆಯದು ಎಂಬುದು. ಬೆಲೆಯಿಂದ ಇದಕ್ಕೆ ಉತ್ತರ ದೊರೆಯದು. ಅತಿ ಕಡಿಮೆ ಗಾಯಮಾಡಿ, ಮಸಿಯನ್ನು ಸರಿಯಾದ ಆಳದಲ್ಲಿ ಇರಿಸುವ ಯಂತ್ರವೇ ಒಳ್ಳೆಯ ಯಂತ್ರ. ಆದಕಾರಣ ನಾವು ಯಂತ್ರಕ್ಕಿಂತ ಮೊದಲು ಚರ್ಮವನ್ನು ನೋಡೋಣ.

ನಮ್ಮ ಹೊರಚರ್ಮದ ದಪ್ಪ ದೇಹದ ಬಹುಭಾಗದಲ್ಲಿ ಸುಮಾರು 0.1 ಮಿ.ಮೀ. ಮಾತ್ರ. ಅದು ಸತತವಾಗಿ ಸವೆದು ಹೊಸದಾಗುತ್ತಿರುವುದರಿಂದ ಅಲ್ಲಿ ಇಟ್ಟ ಮಸಿ ಕೆಲವೇ ವಾರಗಳಲ್ಲಿ ಉದುರಿಹೋಗುತ್ತದೆ. ಅದರ ಕೆಳಗಿನ ಒಳಚರ್ಮವೇ ಹಚ್ಚೆ ನಿಲ್ಲುವ ಸ್ಥಳ. ಸೂಜಿ ಸುಮಾರು 1ರಿಂದ 2 ಮಿ.ಮೀ. ಆಳಕ್ಕೆ ಇಳಿಯಬೇಕು. ಇನ್ನೂ ಕೆಳಗಿರುವ ಕೊಬ್ಬಿನ ಪದರಕ್ಕೆ ಮಸಿ ಹೋದರೆ ಅದು ಹರಡಿ ಗೆರೆ ಕದಡುತ್ತದೆ. ಭತ್ತದ ನಾಟಿ ಮಾಡಿದವರಿಗೆ ಈ ಸೂಕ್ಷ್ಮ ಬೇಗ ತಿಳಿಯುತ್ತದೆ: ಮೇಲೆಮೇಲೆ ನೆಟ್ಟ ಪೈರು ನೀರಿನಲ್ಲಿ ತೇಲುತ್ತದೆ, ಆಳಕ್ಕೆ ಹೂತ ಪೈರು ಚೆನ್ನಾಗಿ ತೆಂಡೆಯೊಡೆಯುವುದಿಲ್ಲ.

ಒಳಚರ್ಮದಲ್ಲಿ ಮಸಿಯ ಕಣಗಳನ್ನು ಹಿಡಿದಿಡುವವರು ಯಾರು? ಹೊರಗಿನ ವಸ್ತುಗಳನ್ನು ನುಂಗುವ ಭಕ್ಷಕ ಕೋಶಗಳು. ಅವು ಸತ್ತಾಗ ಹೊರಬಿದ್ದ ಕಣಗಳನ್ನು ಹೊಸ ಭಕ್ಷಕ ಕೋಶಗಳು ಮತ್ತೆ ನುಂಗುತ್ತವೆಂದು ಫ್ರಾನ್ಸಿನ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲಣ ಪ್ರಯೋಗದಿಂದ ತೋರಿಸಿದರು. ಅಜ್ಜಿಯ ಹಚ್ಚೆ ಅಳಿಯದಿರುವ ಗುಟ್ಟು ಇದೇ ಇರಬೇಕು.

ಇನ್ನು ಯಂತ್ರದ ವಿಚಾರ. 1876ರಲ್ಲಿ ಥಾಮಸ್ ಆಲ್ವ ಎಡಿಸನ್ ಕಾಗದದಲ್ಲಿ ಸಣ್ಣ ರಂಧ್ರಗಳನ್ನು ಕೊರೆದು ಪ್ರತಿ ತೆಗೆಯುವ ವಿದ್ಯುತ್ ಲೇಖನಿಗೆ ಪೇಟೆಂಟ್ ಪಡೆದನು. ಪುಟ್ಟ ಮೋಟಾರೊಂದು ಅದರ ಸೂಜಿಯನ್ನು ಮೇಲೆ ಕೆಳಗೆ ಆಡಿಸುತ್ತಿತ್ತು. ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ 1891ರಲ್ಲಿ ಇದೇ ಬಗೆಯ ತತ್ತ್ವದ ಮೇಲೆ ಹಚ್ಚೆಯ ಯಂತ್ರಕ್ಕೆ ಪೇಟೆಂಟ್ ಪಡೆದನು. ಇಂದಿನ ರೋಟರಿ ಯಂತ್ರಗಳು ಈ ವಂಶದವೇ.

ರಚನೆ ಸರಳವಾದುದು. ಮೋಟಾರಿನ ಅಚ್ಚಿನ ತುದಿಯಲ್ಲಿ ಒಂದು ಬಿಲ್ಲೆ. ಬಿಲ್ಲೆಯ ನಡುವಿನಿಂದ ತುಸು ಸರಿದು ನಿಂತ ಒಂದು ಗೂಟ. ಆ ಗೂಟಕ್ಕೆ ಸೂಜಿಯ ದಂಡದ ಸಂಪರ್ಕ. ಬಿಲ್ಲೆ ಒಂದು ಸುತ್ತು ಬಂದರೆ ಸೂಜಿ ಒಮ್ಮೆ ಇಳಿದು ಏರುತ್ತದೆ. ದರ್ಜಿಯ ಹೊಲಿಗೆಯಂತ್ರದಲ್ಲಿ ಚಕ್ರದ ಸುತ್ತು ಸೂಜಿಯ ಏರಿಳಿತವಾಗುವುದೂ ಹೀಗೆಯೇ. ಗೂಟ ನಡುವಿನಿಂದ 1.75 ಮಿ.ಮೀ. ದೂರವಿದ್ದರೆ ಸೂಜಿಯ ಓಡಾಟ ಅದರ ಎರಡರಷ್ಟು, ಎಂದರೆ 3.5 ಮಿ.ಮೀ. ಇದಕ್ಕೆ ಸ್ಟ್ರೋಕು ಎಂದು ಹೆಸರು.

ಯಂತ್ರವನ್ನು ಆರಿಸುವಾಗ ನೋಡಬೇಕಾದ ಮೊದಲ ಗುಣ ಇದು. 2.5 ಮಿ.ಮೀ. ಆಸುಪಾಸಿನ ಗಿಡ್ಡ ಸ್ಟ್ರೋಕು ಮೃದುವಾದ ನೆರಳಿಗೆ ಒಪ್ಪುತ್ತದೆ, 4 ಮಿ.ಮೀ. ಮತ್ತು ಮೇಲ್ಪಟ್ಟದ್ದು ದಪ್ಪ ಗೆರೆಗೆ, 3.5 ಮಿ.ಮೀ. ಎರಡಕ್ಕೂ ಸಲ್ಲುತ್ತದೆ. ಹೊಸಬರಿಗೆ ಈ ನಡುವಣ ಅಳತೆಯೇ ಲೇಸು. ಆದರೆ ಸ್ಟ್ರೋಕೆಂದರೆ ಆಳವೆಂದು ಭ್ರಮಿಸಬಾರದು. ಓಡಾಟದ ಒಂದು ಭಾಗ ಕೊಳವೆಯ ಒಳಗೇ ಮುಗಿಯುತ್ತದೆ. ಆಳವನ್ನು ನಿರ್ಧರಿಸುವುದು ಕೊಳವೆಯಿಂದ ಹೊರಚಾಚುವ ಸೂಜಿಯ ತುದಿ ಮತ್ತು ಕೈಯ ಒತ್ತಡ.

ಎರಡನೆಯದು ಮೋಟಾರಿನ ಬಲ. ವೋಲ್ಟು ಏರಿಸಿದರೆ ವೇಗ ಏರುತ್ತದೆ. ಸಾಮಾನ್ಯವಾಗಿ 5ರಿಂದ 10 ವೋಲ್ಟುಗಳೊಳಗೆ ಕೆಲಸ ನಡೆಯುತ್ತದೆ. ದುರ್ಬಲ ಮೋಟಾರು ಗಾಳಿಯಲ್ಲಿ ಜೋರಾಗಿ ಸುತ್ತಿದರೂ ಚರ್ಮ ತಗಲಿದೊಡನೆ ಕುಗ್ಗುತ್ತದೆ. ಇದನ್ನು ಕಿವಿಯೇ ಪತ್ತೆಹಚ್ಚಬಲ್ಲುದು: ಗುಂಯ್‌ಗುಡುವ ಸ್ವರ ಕೆಳಕ್ಕೆ ಬಿದ್ದರೆ ವೇಗ ಕುಂದಿತೆಂದೇ ಅರ್ಥ. ಸ್ವರ ಹೆಚ್ಚು ಬೀಳದ, ಕೈ ನಡುಗಿಸದ, ಹತ್ತು ನಿಮಿಷ ನಡೆದರೂ ಬಿಸಿಯೇರದ ಯಂತ್ರವನ್ನು ಆರಿಸಬೇಕು.

ವೇಗವನ್ನು ಹದಗೊಳಿಸುವುದು ಒಂದು ಸಣ್ಣ ಲೆಕ್ಕ. ಸೂಜಿ ಸೆಕೆಂಡಿಗೆ 100 ಸಲ ಇಳಿಯುತ್ತದೆ, ಕೈ ಸೆಕೆಂಡಿಗೆ 25 ಮಿ.ಮೀ. ಸರಿಯುತ್ತದೆ ಎನ್ನೋಣ. ಚುಕ್ಕೆಗಳ ನಡುವಣ ಅಂತರ 0.25 ಮಿ.ಮೀ.; ಕಣ್ಣಿಗೆ ಅದು ಗೆರೆಯಾಗಿಯೇ ಕಾಣುತ್ತದೆ. ಕೈ 100 ಮಿ.ಮೀ. ಓಡಿದರೆ ಅಂತರ 1 ಮಿ.ಮೀ. ಆಗಿ ಗೆರೆ ಒಡೆಯುತ್ತದೆ. ಕೈ 5 ಮಿ.ಮೀ.ಗೆ ಇಳಿದರೆ ಒಂದು ಮಿಲಿಮೀಟರಿನಲ್ಲಿ ಇಪ್ಪತ್ತು ಚುಚ್ಚು. ಚರ್ಮ ಜಜ್ಜಿಹೋಗಿ ಗಾಯ ಮಾಯುವುದು ತಡವಾಗುತ್ತದೆ. ಯಂತ್ರದ ವೇಗವೂ ಕೈಯ ವೇಗವೂ ಜೋಡೆತ್ತುಗಳಂತೆ ಹೊಂದಿ ನಡೆಯಬೇಕು.

ಹದಗೊಳಿಸುವ ಕ್ರಮ ಹೀಗೆ. ಮೊದಲು ವಿದ್ಯುತ್ತನ್ನು ನಿಲ್ಲಿಸಿ, ಬಿಲ್ಲೆಯನ್ನು ಬೆರಳಿನಿಂದ ತಿರುಗಿಸಿ ಸೂಜಿಯನ್ನು ಅತಿ ಕೆಳಗಿನ ಸ್ಥಾನಕ್ಕೆ ತರಬೇಕು. ಬಿಲ್ಲೆ ಮುಚ್ಚಿರುವ ಯಂತ್ರವಾದರೆ ಅತಿ ಕಡಿಮೆ ವೋಲ್ಟಿನಲ್ಲಿ ನಡೆಸಿ ನೋಡಬೇಕು. ಹೊರಚಾಚಿದ ತುದಿ 2 ಮಿ.ಮೀ. ಮೀರದಂತೆ ಬಿಗಿದು, ಕಡಿಮೆ ವೋಲ್ಟಿನಿಂದ ಆರಂಭಿಸಿ, ಬಾಳೆಹಣ್ಣಿನ ಸಿಪ್ಪೆಯ ಮೇಲೋ ಅಭ್ಯಾಸಕ್ಕೆಂದು ದೊರೆಯುವ ಕೃತಕ ಚರ್ಮದ ಮೇಲೋ ಗೆರೆ ಎಳೆಯಬೇಕು. ಗೆರೆ ಒಡೆದರೆ ಕೈಯನ್ನು ನಿಧಾನಿಸಬೇಕು, ಅದೂ ಸಾಲದಾದರೆ ಅರ್ಧ ವೋಲ್ಟು ಏರಿಸಬೇಕು. ಸಿಪ್ಪೆ ಹರಿದರೆ ವೋಲ್ಟನ್ನೋ ಒತ್ತಡವನ್ನೋ ತಗ್ಗಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಇಲ್ಲವಾದರೆ ಯಾವುದರಿಂದ ಏನಾಯಿತೆಂದು ತಿಳಿಯದು.

ಇಷ್ಟೆಲ್ಲ ಹದಗೊಳಿಸಿದ ಯಂತ್ರವೂ ಒಂದು ವಿಷಯದಲ್ಲಿ ತಪ್ಪಿದರೆ ಕೊರವಂಜಿಯ ಸೂಜಿಗಿಂತ ಹೆಚ್ಚಿನ ಕೇಡನ್ನುಂಟುಮಾಡಬಲ್ಲುದು. ಸೆಕೆಂಡಿಗೆ ನೂರು ಸಲ ಚುಚ್ಚುವ ಸೂಜಿ ನೂರು ಸಲವೂ ರಕ್ತವನ್ನು ಮುಟ್ಟುತ್ತದೆ. ಜಾತ್ರೆಯಲ್ಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಅದೇ ಸೂಜಿ, ಅದೇ ಮಸಿಯ ಬಟ್ಟಲು ಕಾಮಾಲೆಯನ್ನುಂಟುಮಾಡುವ ಹೆಪಟೈಟಿಸ್ ಬಿ, ಸಿ ವೈರಸ್‌ಗಳನ್ನೂ ಎಚ್.ಐ.ವಿ.ಯನ್ನೂ ಹರಡಬಲ್ಲವು. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಒಂದು ವಾರವಾದರೂ ಜೀವಂತವಾಗಿರಬಲ್ಲುದು. ಸೂಜಿಯನ್ನು ಬಟ್ಟೆಯಿಂದ ಒರಸುವುದು ರಕ್ಷಣೆಯಲ್ಲ. ಸೂಜಿ ಒಬ್ಬರಿಗೆ ಒಂದೇ ಸಲ, ಮಸಿಯೂ ಹಾಗೆಯೇ. ಮರಳಿ ಬಳಸುವ ಲೋಹದ ಕೊಳವೆಯನ್ನು ತೊಳೆದು 121 ಡಿಗ್ರಿ ಸೆಲ್ಸಿಯಸ್ಸಿನ ಒತ್ತಡದ ಹಬೆಯಲ್ಲಿ ಕನಿಷ್ಠ 15 ನಿಮಿಷ ಶುದ್ಧಿಮಾಡಬೇಕು. ಸೂಜಿಯ ಗೂಡಿನಲ್ಲಿ ರಕ್ತವೂ ಮಸಿಯೂ ಮೋಟಾರಿನತ್ತ ಹಿಂದೆ ಹರಿಯದಂತೆ ತಡೆಯುವ ತೆಳುಪೊರೆ ಇದೆಯೇ ಎಂಬುದನ್ನು ಕೊಳ್ಳುವಾಗಲೇ ವಿಚಾರಿಸಬೇಕು. ನಮ್ಮ ದೇಶದಲ್ಲಿ ಹಚ್ಚೆ ಹಾಕಿಸಿಕೊಂಡವರಿಂದ ಒಂದು ವರ್ಷ ಕಾಲ ರಕ್ತದಾನ ಪಡೆಯಬಾರದೆಂಬ ನಿಯಮಕ್ಕೆ ಈ ಭಯವೇ ಕಾರಣ.

ಜಾತ್ರೆಯಲ್ಲಿ ಕೈ ಚಾಚುವ ಮುನ್ನ ನಮ್ಮ ವಿದ್ಯಾರ್ಥಿಗಳು ಹೊಸ ಸೂಜಿಯ ಪೊಟ್ಟಣವನ್ನು ತಮ್ಮ ಕಣ್ಣೆದುರೇ ಬಿಚ್ಚುವಂತೆ ಕೇಳಲಿ. ಕೇಳಲು ಸಂಕೋಚ ಬೇಡ. ಬಿಚ್ಚಲು ಒಪ್ಪದವನ ಯಂತ್ರ ಎಷ್ಟೇ ಬೆಲೆಯದಾಗಿರಲಿ, ಅಲ್ಲಿಂದ ಎದ್ದು ಬರುವುದೇ ವಿವೇಕ.