ಹಳೆಯ ಕಠಾರಿ: ಮೂಲವೇ ಮೌಲ್ಯ

ಪುರಾತನ ಆಯುಧದ ಬೆಲೆಗೆ ಅದರ ಮೂಲವೇ ಆಧಾರ. ಕೊಡಗಿನ ಪೀಚೆಕತ್ತಿ ಮತ್ತು ಶ್ರೀಲಂಕಾದ ಪಿಹಾ ಕೆತ್ತ, ಎರಡರ ಅಲಗಿಗೂ ಒಂದೇ ಬಾಯಿ, ಹೆಸರುಗಳೂ ಹತ್ತಿರ. ಇವುಗಳನ್ನು ಬೇರ್ಪಡಿಸುವುದು ಹಿಡಿ ಮತ್ತು ಒರೆ. ಸಿಂಹಳ ಕತ್ತಿಯ ಹಿಡಿಯಲ್ಲಿ ಬಳ್ಳಿಯ ದಟ್ಟ ಕೆತ್ತನೆಯಿರುತ್ತದೆ. ಒರೆಯಲ್ಲಿ ಕೆಲವೊಮ್ಮೆ ತಾಳೆಗರಿಯ ಮೇಲೆ ಬರೆಯುವ ಲೋಹದ ಲೇಖನಿಯೂ ಇರುತ್ತದೆ. ಕೊಡವರು ನಡುವಿನ ಚೇಲೆಗೆ ಮುಂಭಾಗದಲ್ಲಿ ಸಿಕ್ಕಿಸುವ ಪೀಚೆಕತ್ತಿಯ ಬೆಳ್ಳಿಕಟ್ಟಿನ ಒರೆಗಾದರೋ ಸರಪಣಿಯಲ್ಲಿ ಚಿಮುಟದಂತಹ ಪುಟ್ಟ ಸಲಕರಣೆಗಳು ತೂಗುತ್ತವೆ. ಒರೆ ಬದಲಾಗಿರಲೂಬಹುದಾದ್ದರಿಂದ ಅದೊಂದನ್ನೇ ನಂಬಲಾಗದು.

ಕಾಲನಿರ್ಣಯವೂ ಅಷ್ಟೇ ಮುಖ್ಯ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯನ್ವಯ 100 ವರ್ಷ ತುಂಬಿದ ಇಂತಹ ವಸ್ತುಗಳನ್ನು ಖಾಸಗಿಯವರು ರಫ್ತು ಮಾಡುವಂತಿಲ್ಲ. ದೇಶದೊಳಗಿನ ವ್ಯಾಪಾರಕ್ಕೂ ಪರವಾನಗಿ ಅಗತ್ಯ. ಹೊಸ ತಯಾರಿಕೆಯಾದರೆ, ಪ್ರಾಚ್ಯವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆದು ರವಾನಿಸುವುದು ಕ್ಷೇಮಕರ.